ಅಗಲ ತೋಳಿನ ಕೋಟು

ಫೆಬ್ರವರಿ ೧೧

ಗುತ್ತಿಗೆದಾರನನ್ನು ಬಿಟ್ಟುಬಿಟ್ಟರು.

ತೀರ್ಪನ್ನು ಓದುವಾಗ ನ್ಯಾಯಾಧೀಶರು ತಲೆ ಎತ್ತಲಿಲ್ಲ. ಅಂಗಡಿಯೆದುರು ಆತ ಕಟ್ಟಿಸುತ್ತಿದ್ದ ಕಟ್ಟಡದ ಸಾರುವೆಯ ಹಲಗೆ ಕಳಚಿ ನನ್ನ ತಂಗಿಯ ಮೇಲೆ ಬಿದ್ದ ದಿನ ಆತ ಈ ಊರಿನಲ್ಲಿದ್ದನೆಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲವಂತೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಅದರ ಮುಂದಿನ ವಾಕ್ಯ ಗಂಟಲಲ್ಲಿ ಸಿಕ್ಕಿಕೊಂಡಿದೆ: "ಮೃತಳು ಎಚ್ಚರಿಕೆಯ ಹಗ್ಗವನ್ನು ತಾನಾಗಿಯೇ ದಾಟಿ ಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ದಾಟಿದಳಂತೆ! ನೆಲದ ಮೇಲೆ ಬಿದ್ದ ಅಳತೆಪಟ್ಟಿಯನ್ನೂ ದಾಟದವಳು. ದರ್ಜಿಗಳಾದ ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಬಂದ ಅಭ್ಯಾಸವದು. ಹಾಸಿದ ಬಟ್ಟೆ, ಎಳೆದ ದಾರ, ಜಾರಿಬಿದ್ದ ಪಟ್ಟಿ, ಯಾವುದನ್ನೂ ದಾಟಬಾರದು. ಸುತ್ತಿ ಹೋಗಬೇಕು, ಇಲ್ಲವೇ ಬಗ್ಗಿ ಎತ್ತಿಡಬೇಕು. ಅವಸರದಲ್ಲಿ ನಾನು ಎಷ್ಟೋ ಬಾರಿ ದಾಟಿದ್ದೇನೆ. ಅವಳು ಒಮ್ಮೆಯೂ ದಾಟಿದ್ದನ್ನು ಕಾಣೆ.

ನಾವಿಬ್ಬರೂ ಹರೆಯದಿಂದ ಒಂದೇ ಮೇಜಿನ ಎರಡು ಬದಿಗಳಲ್ಲಿ ಬದುಕಿದವರು. ನಾನು ಮದುವೆಯಾಗಲಿಲ್ಲ, ಅವಳು ಆಗಿ, ಗಂಡ ತೀರಿಕೊಂಡ ಮೇಲೆ ಮರಳಿ ಬಂದಳು. ಅವಳು ಕತ್ತರಿಸುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಅಳತೆಪಟ್ಟಿಯನ್ನು ಅವಳು ಕೊರಳಿಗೆ ಹಾಕಿಕೊಳ್ಳುತ್ತಿದ್ದುದು ಗಿರಾಕಿಗಳ ಸಮಾಧಾನಕ್ಕೆ ಮಾತ್ರ. ಒಬ್ಬರನ್ನು ಒಮ್ಮೆ ನೋಡಿದರೆ ಸಾಕು, ಅವರ ಮೈಯ ಅಳತೆ ಅವಳ ಕಣ್ಣಿಗೆ ಬಂದುಬಿಡುತ್ತಿತ್ತು. ಅವರು ಹೊರಗೆ ಹೋದ ಮೇಲೆ, "ಬಾಯಿ ಎಷ್ಟಾದ್ರೂ ಸುಳ್ಳು ಹೇಳ್ಲಿ ಅಣ್ಣ, ಭುಜ ಹೇಳಲ್ಲ" ಎಂದು ನಗುತ್ತಿದ್ದಳು. ನನ್ನ ಮಾತಿನ ರೀತಿಯನ್ನೂ ಬಿಡುತ್ತಿರಲಿಲ್ಲ. "ನೀನು ಮಾತಾಡೋದು ಕುತ್ತಿಗೆವರೆಗೂ ಗುಂಡಿ ಹಾಕ್ಕೊಂಡ ಹಾಗಿರುತ್ತೆ. ಮೇಲಿನ ಒಂದಾದ್ರೂ ಬಿಚ್ಚೋ, ಉಸಿರಾಡ್ಲಿ."

ಈಗ ಮೇಜಿನ ಆಚೆ ಬದಿಯಲ್ಲಿ ಕೇಳುವವರಿಲ್ಲ. ಆದ್ದರಿಂದ ಈ ಪುಸ್ತಕ.

ಫೆಬ್ರವರಿ ೧೯

ಒಬ್ಬ ವಕೀಲೆ ತಾವಾಗಿಯೇ ಅಂಗಡಿಗೆ ಬಂದರು. ವಯಸ್ಸಿನಲ್ಲಿ ನನಗೆ ಮಗಳಾಗಬೇಕಾದವರು. ಕೂತಲ್ಲಿ ಕೂರದ ಸ್ವಭಾವ.

"ಯಜಮಾನರೇ, ಅಲ್ಲಿ ಮುಗೀತು ಅಂದ್ರೆ ಎಲ್ಲಾ ಮುಗೀತು ಅಂತಲ್ಲ. ಕ್ರಿಮಿನಲ್ ಕೋರ್ಟಲ್ಲಿ ಒಂದೆಳೆ ಅನುಮಾನ ಇದ್ರೂ ಆರೋಪಿನ ಬಿಟ್ಬಿಡ್ತಾರೆ. ಸಿವಿಲ್ ಕೋರ್ಟಲ್ಲಿ ತಕ್ಕಡಿ ಇಟ್ಟ ಹಾಗೆ. ಯಾರ ಕಡೆ ಸ್ವಲ್ಪ ಭಾರ ಜಾಸ್ತಿಯೋ ತೀರ್ಪು ಅವರದ್ದು. ಪರಿಹಾರದ ದಾವೆ ಹಾಕೋಣ."

"ಹಗ್ಗ ದಾಟಿದಳೆಂಬ ಆ ವಾಕ್ಯವನ್ನು ಅಳಿಸಲಾದೀತೇ?" ಎಂದು ಕೇಳಿದೆ.

"ಅಳಿಸಕ್ಕಾಗಲ್ಲ. ಆದ್ರೆ ಇನ್ನೊಂದು ಕೋರ್ಟಲ್ಲಿ ಅದಕ್ಕೆ ಎದುರು ವಾಕ್ಯ ಬರೆಸಬಹುದು."

ನನಗೆ ಅಷ್ಟೇ ಬೇಕು, ಹಣ ಬೇಡ ಎಂದೆ. ಆಕೆ ಹಣೆ ಚಚ್ಚಿಕೊಂಡರು.

"ಬರೀ ವಾಕ್ಯಕ್ಕೋಸ್ಕರ ದಾವೆ ಹಾಕಕ್ಕಾಗಲ್ಲ ಯಜಮಾನರೇ! ನಷ್ಟ ಆಗಿದೆ ಅಂತ ತೋರಿಸಲೇಬೇಕು. ನಾವು ಹೇಳಬೇಕಾದ್ದು ಎರಡು. ಒಂದು, ಆವತ್ತು ಅವನು ಅಲ್ಲಿದ್ದ, ಹಗ್ಗ ಇರಲಿಲ್ಲ. ಎರಡು, ನಿಮ್ಮ ತಂಗಿ ಹೋದ್ಮೇಲೆ ಕತ್ತರಿಸೋರಿಲ್ಲದೆ ಅಂಗಡಿ ನಿಂತುಹೋಯ್ತು. ಅದಕ್ಕೇ ಹೊಸ ಕೆಲಸ ಹಿಡೀಬೇಡಿ. ನಷ್ಟ ಕಣ್ಣಿಗೆ ಕಾಣಬೇಕು."

ತಂಗಿಯ ಕತ್ತರಿಯನ್ನು ತೋರಿಸಿದೆ. ಅವಳು ಎಡಚಿ, ಹೇಳಿ ಮಾಡಿಸಿದ ಕತ್ತರಿ ಅದು. ಅಲಗುಗಳು ತಿರುಗುಮುರುಗಾಗಿವೆ. ಬಲಗೈಯವರು ಹಿಡಿದರೆ ಬಟ್ಟೆ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಳ್ಳುತ್ತದೆ. ವಕೀಲೆ ಒಂದು ಚಿಂದಿಯ ಮೇಲೆ ಪ್ರಯತ್ನಿಸಿ ಸೋತು ನಕ್ಕರು.

"ನಿಮ್ಮ ಕೈಲೂ ಆಗಲ್ವಾ?"

"ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಗಿಲ್ಲ."

"ಹಾಗಾದ್ರೆ ಇದೇ ನಮ್ಮ ಮೊದಲನೇ ಸಾಕ್ಷಿ" ಎಂದರು.

ಮಾರ್ಚ್ ೬

ಇಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಕತ್ತರಿಸುವ ಮೇಜಿನ ಮೇಲೆ ಬೂದುಬಣ್ಣದ ಉಣ್ಣೆಬಟ್ಟೆಯ ಒಂದು ತುಂಡು ಇತ್ತು. ಕೋಟಿನ ಬೆನ್ನು. ಅಂಚು ನೀರಿನ ಗೆರೆಯಂತೆ ನುಣುಪಾಗಿದೆ. ಕತ್ತಿನ ಬಳಿ ಸೀಮೆಸುಣ್ಣದಲ್ಲಿ ಸಣ್ಣ ಎಳೆಚಂದ್ರ. ತಂಗಿ ತಾನು ಕತ್ತರಿಸಿದ ಪ್ರತಿಯೊಂದು ಬೆನ್ನಿಗೂ ಹಾಕುತ್ತಿದ್ದ ಗುರುತು.

ಅವಳು ಹಿಂದೆಂದೋ ಕತ್ತರಿಸಿ ಬಟ್ಟೆಯ ಸುರುಳಿಯೊಳಗೆ ಇಟ್ಟದ್ದಿರಬೇಕು. ನಿನ್ನೆ ಕಪಾಟಿನ ಧೂಳು ಒರೆಸುವಾಗ ನಾನೇ ಹೊರಗೆ ತೆಗೆದಿಟ್ಟು ಮರೆತಿರಬೇಕು.

ನೆಲದ ಮೇಲೆ ಬೂದುಬಣ್ಣದ ಚೂರುಗಳೂ ಬಿದ್ದಿದ್ದವು. ನಾನು ಪ್ರತಿ ಸಂಜೆ ಗುಡಿಸಿಯೇ ಬೀಗ ಹಾಕುವವನು. ತಂಗಿ ಎಂದೂ ಪೊರಕೆ ಮುಟ್ಟಿದವಳಲ್ಲ. ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, "ಅದು ನಿನ್ನ ಕೆಲಸ ಅಣ್ಣ, ಚೂರು ಕಂಡ್ರೆ ನಿಂಗಲ್ವಾ ಊಟ ಸೇರದೇ ಇರೋದು" ಎನ್ನುತ್ತಿದ್ದಳು.

ಗುಡಿಸಿದೆ.

ಮಾರ್ಚ್ ೨೨

ಎದೆಯ ಎರಡು ಭಾಗಗಳು. ನಾಲ್ಕು ದಿನಗಳ ಅನಂತರ ಕಾಲರ್. ಎಲ್ಲವೂ ಅದೇ ಬೂದು ಬಟ್ಟೆ. ಸುರುಳಿಯೊಳಗಿನಿಂದ ಒಂದೊಂದಾಗಿ ಜಾರಿ ಬೀಳುತ್ತಿರಬೇಕು ಎಂದುಕೊಂಡು ಸುರುಳಿಯನ್ನು ಪೂರ್ತಿ ಬಿಡಿಸಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಬಟ್ಟೆ ಮಾತ್ರ ಸಣ್ಣದಾಗಿತ್ತು.

ಪಕ್ಕದ ಇಸ್ತ್ರಿ ಅಂಗಡಿಯಾಕೆ ಮಧ್ಯಾಹ್ನ ಚಹಾ ತಂದಳು. ತಂಗಿ ಹೋದಂದಿನಿಂದ ಅದು ಅವಳ ಪರಿಪಾಠ, ಬೇಡವೆಂದರೆ ಬಯ್ಯುತ್ತಾಳೆ. ಲೋಟ ತೆಗೆದುಕೊಂಡಾಗ ಹುಬ್ಬು ಗಂಟಿಕ್ಕಿದಳು.

"ಏನಣ್ಣಾ, ಯಾವಾಗ್ಲಿಂದ ಎಡಗೈ?"

ನೋಡಿದೆ. ಲೋಟ ಎಡಗೈಯಲ್ಲಿತ್ತು. "ಬಲಭುಜದಲ್ಲಿ ಸ್ವಲ್ಪ ನೋವಿದೆ" ಎಂದೆ.

"ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೊಳ್ಳಿ. ಒಂಟಿ ಗಂಡಸರ ಹಣೆಬರಹ ಇದೇ ನೋಡಿ, ನೋವು ಬಂದ್ರೂ ಬೇರೆಯವರು ಹೇಳ್ಬೇಕು."

ಅವಳು ಹೋದ ಮೇಲೆ ಭುಜವನ್ನು ಒತ್ತಿ ನೋಡಿಕೊಂಡೆ. ನೋವೇನೂ ಇರಲಿಲ್ಲ. ಹಾಗೇಕೆ ಹೇಳಿದೆನೋ ತಿಳಿಯದು.

ಏಪ್ರಿಲ್ ೧೫

ವಕೀಲೆಯ ಮಾತನ್ನು ಮೀರಿದ್ದೇನೆ. ಕತ್ತರಿಸಿಟ್ಟ ಬಟ್ಟೆಯನ್ನು ಹೊಲಿಯದೆ ನೋಡುತ್ತ ಕೂರುವುದು ನನ್ನಿಂದ ಆಗದು. ಬೆನ್ನು, ಎದೆ, ಕಾಲರ್ ಮತ್ತು ಎಡತೋಳನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸಿದೆ. ಅಂಗಡಿಯ ಅಳತೆಗೊಂಬೆಗೆ ತೊಡಿಸಿದಾಗ ಎದುರಿಗೆ ಒಬ್ಬ ಗಂಡಸು ನಿಂತಂತಾಯಿತು. ಭಾರಿ ಎದೆ, ಸ್ವಲ್ಪ ಮುಂದಕ್ಕೆ ಬಾಗಿದ ಕತ್ತು, ಬಲಕ್ಕಿಂತ ಒಂದು ಬೆರಳು ತಗ್ಗಾದ ಎಡಭುಜ. ನಮ್ಮ ಗಿರಾಕಿಗಳಲ್ಲಿ ಇಂಥ ಮೈಯವರು ಯಾರೂ ಇಲ್ಲ.

ಇಂದು ಬೆಳಿಗ್ಗೆ ಬಲತೋಳು ಸಿಕ್ಕಿತು. ಅದನ್ನು ಕೈಗೆತ್ತಿಕೊಂಡು ಬೆರಗಾದೆ. ಎಡತೋಳಿನ ಎರಡರಷ್ಟು ಅಗಲ! ಹೊರಬದಿಯಲ್ಲಿ ಭುಜದಿಂದ ಮುಂಗೈವರೆಗೆ ಸೀಳಿ, ಅಂಚಿನುದ್ದಕ್ಕೂ ಗುಂಡಿಪಟ್ಟಿಗೆ ಜಾಗ ಬಿಡಲಾಗಿದೆ. ತಂಗಿಯ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಸಿಟ್ಟು ಬಂತು. "ಇದೇನು ಮಾಡಿದ್ದೀಯೆ? ಇದು ತೋಳೋ, ದಿಂಬಿನ ಚೀಲವೋ?" ಎಂದು ಗಟ್ಟಿಯಾಗಿಯೇ ಕೇಳಿಬಿಟ್ಟೆ.

ಸುಮ್ಮನೆ ಹೊಲಿ ಅಣ್ಣ, ಆಮೇಲೆ ಗೊತ್ತಾಗುತ್ತೆ.

ಅವಳಿದ್ದರೆ ಹೀಗೆಂದೇ ಹೇಳುತ್ತಿದ್ದಳು.

ಏಪ್ರಿಲ್ ೧೬

ಹೊಲಿದೆ.

ಜೂನ್ ೯

ದಾವೆಗೆ ಗುತ್ತಿಗೆದಾರನ ಉತ್ತರ ಬಂದಿದೆ. ವಕೀಲೆ ನ್ಯಾಯಾಲಯದ ಮೊಗಸಾಲೆಯಲ್ಲೇ ಓದಿ ಹೇಳಿದರು: "ಆ ದಿನವಿಡೀ ತಾನು ಪರವೂರಿನಲ್ಲಿದ್ದನಂತೆ. ನಿಮ್ಮ ತಂಗಿನ ಜೀವಮಾನದಲ್ಲೇ ನೋಡಿಲ್ಲವಂತೆ. ಅವರೂ ಇವನನ್ನ ನೋಡಿಲ್ಲವಂತೆ. ಹಗ್ಗ ಇತ್ತಂತೆ, ಅವರೇ ದಾಟಿದರಂತೆ. ಹಳೇ ಹಾಡೇ."

ಅಷ್ಟರಲ್ಲಿ ಆತನೇ ಮೆಟ್ಟಿಲು ಹತ್ತಿ ಬಂದ. ಹಿಂದಿನ ಮೊಕದ್ದಮೆಯಲ್ಲಿ ಎಷ್ಟೋ ಬಾರಿ ಕಂಡ ಮನುಷ್ಯ. ಆದರೆ ಇಂದು ಮುಖ ಕಾಣಲಿಲ್ಲ, ಮೈ ಕಂಡಿತು. ಭಾರಿ ಎದೆ. ಮುಂದಕ್ಕೆ ಬಾಗಿದ ಕತ್ತು. ಒಂದು ಬೆರಳು ತಗ್ಗಾದ ಎಡಭುಜ.

ಗೊಂಬೆಗೆ ತೊಡಿಸಿದ ಕೋಟಿನ ಮೈ ಅದೇ. ಅನಂತರ ಸಮಾಧಾನ ಮಾಡಿಕೊಂಡೆ. ಒಂದು ವರ್ಷಕ್ಕೂ ಮಿಕ್ಕಿ ಅವನನ್ನು ದಿಟ್ಟಿಸಿ ನೋಡಿದವನು ನಾನು. ಅವಳೊಡನೆ ಬಾಳಿ ನನಗೂ ಕಣ್ಣಳತೆ ಬಂದಿರಬೇಕು. ಹಾಗಿದ್ದರೆ ಕತ್ತರಿಸಿದವನೂ ನಾನೇ ಇರಬೇಕು. ಆದರೆ ತೋಳು? ಅವನ ತೋಳುಗಳು ಎಲ್ಲರ ತೋಳುಗಳಂತಿವೆ. ಬಲಗೈ ಮಾತ್ರ ಮೊಣಕೈಯಲ್ಲಿ ಪೂರ್ತಿ ನೆಟ್ಟಗಾಗುವುದಿಲ್ಲ. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಂತಿದೆ. ಅದಕ್ಕೆ ಅಷ್ಟು ಅಗಲದ ತೋಳೇಕೆ?

ಅಂಗಡಿಗೆ ಬಂದು ನನ್ನ ಬಲಗೈಯಲ್ಲಿ ತಂಗಿಯ ಕತ್ತರಿ ಹಿಡಿದು ನೋಡಿದೆ. ಬಟ್ಟೆ ಮಡಚಿಕೊಂಡಿತು. ಮನಸ್ಸಿಗೆ ನೆಮ್ಮದಿಯಾಯಿತು.

ಎಡಗೈಯಲ್ಲಿ ಹಿಡಿದು ನೋಡಲಿಲ್ಲ.

ಜುಲೈ ೩

ವಕೀಲೆ ಹೇಳದೆ ಕೇಳದೆ ಬಂದರು. ಗೊಂಬೆಯ ಮೇಲಿನ ಕೋಟನ್ನು ಕಂಡು ಕೆಂಡವಾದರು.

"ಕೆಲಸ ಹಿಡೀಬೇಡಿ ಅಂತ ಎಷ್ಟು ಸಲ ಬಡಕೊಂಡೆ! ಯಾರು ಕತ್ತರಿಸಿದ್ದು ಇದನ್ನ?"

"ತಂಗಿ."

"ಯಾವಾಗ?"

ಕೋಟಿನ ಕಾಲರ್ ಸರಿಪಡಿಸಿದೆ. ಆಕೆ ಕೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅನಂತರ ದನಿ ತಗ್ಗಿಸಿ, ಮಗುವಿಗೆ ಹೇಳುವಂತೆ ಹೇಳಿದರು.

"ಯಜಮಾನರೇ, ಇದನ್ನ ಅವನ ವಕೀಲ ನೋಡಿದ್ರೆ ಮುಗೀತು. ಅಂಗಡಿ ಚೆನ್ನಾಗೇ ನಡೀತಿದೆ, ಕತ್ತರಿಸೋರೂ ಇದ್ದಾರೆ, ನಷ್ಟ ಎಲ್ಲಿ ಅಂತಾನೆ. ಬೀರುವಿನಲ್ಲಿಟ್ಟು ಬೀಗ ಹಾಕಿ. ಈಗ ಒಂದ್ಸಲ ಸಾಕ್ಷಿ ಹೇಳಿದ ಹಾಗೆ ಹೇಳಿ ನೋಡೋಣ. ಈಗ ನಿಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸೋರು ಯಾರು?"

"ಯಾರೂ" ಎಂದೆ.

"ಯಾರೂ ಇಲ್ಲ. ಹೇಳಿ."

"ಯಾರೂ..."

ಮೇಜಿನ ಮೇಲಿದ್ದ ಕತ್ತರಿ ತಾನಾಗಿ ಒಂದಿಷ್ಟು ಬಾಯಿ ತೆರೆಯಿತು. ಅದರ ತಿರುಪು ಸಡಿಲವಾಗಿದೆ, ಬಿಗಿ ಮಾಡಿಸಬೇಕು.

ವಕೀಲೆ ನೀರು ಕುಡಿದು ಹೊರಟರು. ಮೆಟ್ಟಿಲಿಳಿಯುವಾಗ ಗಮನಿಸಿದೆ: ಪಾಪ, ಕಡತಗಳನ್ನು ಹೊತ್ತು ಹೊತ್ತು ಎಡಸೊಂಟ ಎತ್ತರವಾಗಿದೆ. ಕರಿಕೋಟಿನ ಅಂಚು ಎಡಗಡೆ ಅರ್ಧ ಬೆರಳು ಇಳಿಸಿದರೆ ಸರಿಹೋಗುತ್ತದೆ.

ಆಗಸ್ಟ್ ೨೮

ಬಹಳ ದಿನಗಳಿಂದ ಬರೆದಿಲ್ಲ. ಬರೆಯುವ ಅಗತ್ಯವೂ ಅಷ್ಟಾಗಿ ಕಾಣುತ್ತಿಲ್ಲ.

ನನ್ನ ಬಲಗೈ ಕತ್ತರಿಗೆ ತುಕ್ಕು ಹಿಡಿದಿದೆ. ನೂಲು ಕತ್ತರಿಸಲು ಕೈಗೆ ಸಿಕ್ಕ ಕತ್ತರಿಯನ್ನು ಬಳಸುತ್ತಿದ್ದೇನೆ.

ಇಸ್ತ್ರಿಯಾಕೆ ಇಂದು ಹೊರಗಿನಿಂದಲೇ "ಅಕ್ಕಾ, ಚಹಾ!" ಎಂದು ಕೂಗಿದಳು. ಒಳಗೆ ಬಂದವಳು ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಕಣ್ಣು ತುಂಬಿಬಂತು ಅವಳಿಗೆ.

"ತಪ್ಪು ತಿಳ್ಕೋಬೇಡಿ ಅಣ್ಣಾ. ಕತ್ತರಿ ಸದ್ದು, ಆ ಹಾಡು ಕೇಳಿ ಬಾಯಿಗೆ ಬಂದ್ಬಿಡ್ತು. ಅಕ್ಕ ಕೆಲಸ ಮಾಡುವಾಗ ಅದನ್ನೇ ಗುನುಗ್ತಿದ್ರು."

ನಾನು ಹಾಡುತ್ತಿದ್ದೆನೇ? ನನಗೆ ಒಂದು ಹಾಡೂ ಬಾರದು.

ಸೆಪ್ಟೆಂಬರ್ ೧೭

ಗುತ್ತಿಗೆದಾರ ಅಂಗಡಿಗೆ ಬಂದ. ಮಟಮಟ ಮಧ್ಯಾಹ್ನ; ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಹೊಸಿಲ ಹೊರಗೇ ನಿಂತು ಒಳಗೆ ಕಣ್ಣಾಡಿಸಿದ.

"ಬರಬಹುದಾ ಯಜಮಾನರೇ? ಜಗಳಕ್ಕೆ ಬಂದಿಲ್ಲ."

ಕುರ್ಚಿ ತೋರಿಸಿದೆ. ಕೂತ. ಕಟ್ಟಡದ ಕಷ್ಟಗಳನ್ನು ಹೇಳಿದ, ಕೂಲಿಯವರನ್ನು ಬಯ್ದ, ಕೊನೆಗೆ ಮಾತಿಗೆ ಬಂದ.

"ಕೋರ್ಟು ನನ್ನನ್ನ ಬಿಟ್ಟಾಯ್ತು. ಆದ್ರೂ ಮನುಷ್ಯತ್ವ ಅಂತ ಒಂದಿರುತ್ತಲ್ಲ. ನೀವು ಕೇಳಿದ್ದರಲ್ಲಿ ಅರ್ಧ ಕೊಡ್ತೀನಿ. ಸಾಲಲ್ವಾ? ಪೂರ್ತಿನೇ ತಗೊಳ್ಳಿ. ದಾವೆ ವಾಪಸ್ ತಗೊಂಬಿಡಿ."

"ಹಗ್ಗವಿರಲಿಲ್ಲವೆಂದು ಬರೆದುಕೊಡುವಿರಾ?"

"ಅದೊಂದನ್ನ ಕೇಳಬೇಡಿ."

"ಹಾಗಾದರೆ ನನಗೆ ಬೇರೇನೂ ಬೇಡ."

ಆತ ಬೇಸರದಿಂದ ಎದ್ದ. ಆಗಲೇ ಅವನ ಕಣ್ಣು ಗೋಡೆಯ ಕಡೆಗೆ ಹೋದದ್ದು. ಬೀರುವಿನಲ್ಲಿಟ್ಟು ಬೀಗ ಹಾಕಿದ್ದ ಕೋಟು ಮೊಳೆಗೆ ತೂಗುತ್ತಿತ್ತು. ಗಾಳಿಯಾಡಲೆಂದು ನಾನೇ ಹಾಕಿರಬೇಕು.

"ಭಾರಿ ಚೆನ್ನಾಗಿದೆಯಲ್ರೀ! ಯಾರದ್ದು?"

ನಾನು ಉತ್ತರಿಸುವ ಮೊದಲೇ ಅದನ್ನು ತೆಗೆದು ಎಡತೋಳು ತೂರಿಸಿದ; ಬೆನ್ನಿಗೆ ಎಳೆದುಕೊಂಡ. ಮೈಗೆ ಚರ್ಮ ಹೊದಿಸಿದಂತೆ ಕೂತಿತು. ತಗ್ಗಾದ ಭುಜವೂ ಒಂದು ಸುಕ್ಕಿಲ್ಲದೆ ಮುಚ್ಚಿಹೋಯಿತು. ಕನ್ನಡಿಯ ಮುಂದೆ ನಿಂತು ಬಲತೋಳಿಗೂ ಕೈ ಹಾಕಿದ. ಅದು ಚೀಲದಂತೆ ಜೋತುಬಿತ್ತು.

"ಅಯ್ಯೋ! ಇದೇನ್ರೀ, ಈ ಕಡೆ ಆನೆಗೆ ಹೊಲಿದಿದ್ದೀರಾ?" ಎಂದು ನಕ್ಕ.

ನಗು ಅರ್ಧಕ್ಕೇ ನಿಂತಿತು. ಕನ್ನಡಿಯಲ್ಲಿ ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು. ಅವನ ಬಲಗೈ ಮೆಲ್ಲಗೆ ಮೇಲೆದ್ದು ಮೊಣಕೈಯಲ್ಲಿ ಮಡಚಿ, ಕೊರಳಿಗೆ ತೂಗುಪಟ್ಟಿ ಕಟ್ಟಿಕೊಂಡವರ ಕೈಯಂತೆ ಎದೆಗೆ ಆತುಕೊಂಡಿತು. ಆಗ ಆ ತೋಳು ತುಂಬಿ ನಿಂತಿತು. ಒಳಗೆ ದಪ್ಪನೆಯ ಕಟ್ಟೊಂದು ಇದೆಯೋ ಎಂಬಂತೆ.

"ಯಾರು ಹೇಳಿದ್ರು ನಿಮಗೆ?" ಎಂದ, ಪಿಸುದನಿಯಲ್ಲಿ.

"ಏನನ್ನು?"

ಅವನು ಕೋಟನ್ನು ತೆಗೆಯಲಿಲ್ಲ. ಕೈ ಇಳಿಸಲೂ ಇಲ್ಲ. ಹಾಗೆಯೇ ಬೀದಿಗಿಳಿದು ಹೊರಟುಹೋದ. ಬಾಗಿಲ ಬಳಿ ದಾರದ ಉಂಡೆಯೊಂದು ಉರುಳಿ ನೆಲದುದ್ದಕ್ಕೂ ಎಳೆ ಬಿಚ್ಚಿಕೊಂಡಿತ್ತು. ಅದನ್ನು ದಾಟಿಕೊಂಡೇ ಹೋದ.

ನಾನು ಸುತ್ತಿ ಬಂದು ಎತ್ತಿಟ್ಟೆ.

ಅಕ್ಟೋಬರ್ ೧೪

ಇಂದು ನನ್ನ ಸಾಕ್ಷ್ಯ. ನಡೆದದ್ದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಗುತ್ತಿಗೆದಾರ ಬೂದು ಕೋಟು ತೊಟ್ಟು ಬಂದಿದ್ದ. ಬಲಗೈ ಎದೆಗೆ ಮಡಚಿಯೇ ಇತ್ತು. ವಕೀಲೆ ಅದನ್ನು ಕಂಡು ನನ್ನ ಕಡೆಗೆ ಬೀರಿದ ನೋಟವನ್ನು ಮರೆಯಲಾರೆ. ಅವನ ವಕೀಲನಿಗೆ ಮಾತ್ರ ಹಬ್ಬ. ಕೋಟನ್ನು ಕೋರ್ಟಿಗೆ ಹಾಕಿಕೊಂಡು ಬನ್ನಿರೆಂದು ಹೇಳಿದವನು ಅವನೇ ಇರಬೇಕು. ಪಾಟೀಸವಾಲಿಗೆ ಎದ್ದವನೇ ಕೇಳಿದ:

"ತಂಗಿ ತೀರಿಕೊಂಡ ಮೇಲೆ ಕತ್ತರಿಸೋರಿಲ್ಲದೆ ಅಂಗಡಿ ನಿಂತಿದೆ ಅಂತೀರಿ. ನನ್ನ ಕಕ್ಷಿದಾರರು ಹಾಕಿಕೊಂಡಿರೋ ಈ ಕೋಟು ನಿಮ್ಮ ಅಂಗಡಿದು, ಹೌದೋ ಅಲ್ವೋ?"

"ಹೌದು."

"ಹೊಲಿದವರು?"

"ನಾನು."

"ಕತ್ತರಿಸಿದವರು?"

ಪ್ರಮಾಣ ಮಾಡಿ ನಿಂತಿದ್ದೆ. "ನನ್ನ ತಂಗಿ" ಎಂದೆ. ವಕೀಲೆ ಕಣ್ಣು ಮುಚ್ಚಿಕೊಂಡರು.

ಎದುರಿನ ವಕೀಲ ಸಭೆಯ ಕಡೆಗೆ ತಿರುಗಿ ನಕ್ಕ. "ಸತ್ತವರು ಬಂದು ಕತ್ತರಿಸಿದರಾ? ಅಥವಾ ಸಾಯೋ ಮುಂಚೆನೇ ಕತ್ತರಿಸಿಟ್ಟಿದ್ದರಾ? ಮುಂಚೆನೇ ಅಂದ್ರೆ ಇವರ ಅಳತೆ ಅವರಿಗೆ ಹೇಗೆ ಸಿಕ್ತು?"

"ಅವಳು ಪಟ್ಟಿ ಹಿಡಿದು ಅಳೆಯುತ್ತಿರಲಿಲ್ಲ. ಒಮ್ಮೆ ನೋಡಿದರೆ ಸಾಕಿತ್ತು."

"ನೋಡಿದರೆ ತಾನೇ? ಆಕೆ ನನ್ನ ಕಕ್ಷಿದಾರರನ್ನ ನೋಡೇ ಇಲ್ಲವಲ್ಲ!"

"ನೋಡಿದ್ರು."

ಹೇಳಿದವನು ಗುತ್ತಿಗೆದಾರ. ಹಿಂದಿನ ಬೆಂಚಿನಿಂದ ಎದ್ದು ನಿಂತಿದ್ದ. ಅವನ ವಕೀಲ ಕೂರುವಂತೆ ಕೈಸನ್ನೆ ಮಾಡಿದ. ಅವನು ಅದನ್ನು ಗಮನಿಸಲಿಲ್ಲ. ನ್ಯಾಯಾಧೀಶರು ಅವನನ್ನೇ ಸಾಕ್ಷಿಕಟ್ಟೆಗೆ ಕರೆದರು.

"ಆವತ್ತು ನಾನು ಅಲ್ಲೇ ಇದ್ದೆ ಸ್ವಾಮಿ. ಹಿಂದಿನ ವಾರ ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಸಾಲ ಕೊಡೋರ ಮುಂದೆ ಕೋಟು ಹಾಕ್ಕೊಂಡು ಕೂರಬೇಕಿತ್ತು, ಯಾವ ಕೋಟಿಗೂ ಕೈ ತೂರ್ತಿರಲಿಲ್ಲ. ಎದುರಿಗೆ ದರ್ಜಿ ಅಂಗಡಿ ಕಾಣಿಸ್ತು. ಆಯಮ್ಮ ಬಾಗಿಲಲ್ಲಿ ನಿಂತಿದ್ರು. ನಾನೇ ಕರೆದೆ. ಲಾರಿ ಒಳಗೆ ಬರಲಿ ಅಂತ ಹಗ್ಗ ಬಿಚ್ಚಿಸಿದ್ದವನೂ ನಾನೇ. ಹಗ್ಗ ಇದ್ದಿದ್ರೆ ಆಯಮ್ಮ ಬರ್ತಾನೇ ಇರಲಿಲ್ಲವೇನೋ. ಬಂದ್ರು, ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿದ್ರು. 'ಈ ತೋಳು ಅಗಲ ಮಾಡಿ, ಪಕ್ಕದಲ್ಲಿ ಸೀಳಿ ಗುಂಡಿ ಇಡ್ತೀನಿ, ಹೊಲಿದು ಕಳಿಸ್ತೀನಿ ಬಿಡಿ' ಅಂದ್ರು. ಅಷ್ಟರಲ್ಲಿ ಮೇಲಿಂದ..."

ಅವನಿಗೆ ನೀರು ಕೊಟ್ಟರು.

"ಆ ಸಂಜೆಯೇ ಪರವೂರಿಗೆ ಹೋಗಿ, ಯಾರಿಗೂ ಗುರುತು ಸಿಗಬಾರದು ಅಂತ ಪ್ಲಾಸ್ಟರ್ ಒಡೆಸಿಬಿಟ್ಟೆ. ಕೈ ಸೊಟ್ಟಗೆ ಕೂಡಿಕೊಳ್ತು. ಪ್ಲಾಸ್ಟರ್ ಇದ್ದಿದ್ದು ಆ ಬೀದಿಯಲ್ಲಿ ಆಯಮ್ಮನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಸ್ವಾಮಿ. ಯಾರಿಗೂ ಗೊತ್ತಿಲ್ಲ. ಈ ಕೋಟು ಹಾಕ್ಕೊಂಡ ಮೇಲೆ ಕೈ ಕೆಳಗಿಳೀತಿಲ್ಲ."

ಹೊರಗೆ ಬಂದ ಮೇಲೆ ವಕೀಲೆ ಹೇಳಿದರು, ಒಮ್ಮೆ ಬಿಡುಗಡೆಯಾದವನ ಮೇಲೆ ಅದೇ ಅಪರಾಧಕ್ಕೆ ಮತ್ತೆ ಮೊಕದ್ದಮೆ ನಡೆಯದಂತೆ. ಅದು ತಿಳಿದೇ ಧೈರ್ಯ ಮಾಡಿರಬಹುದೆಂದು. ಆದರೆ ಹಾಗೆ ಹೇಳುವಾಗ ಆಕೆಯ ದನಿಯಲ್ಲಿ ನಂಬಿಕೆ ಇರಲಿಲ್ಲ.

ಇನ್ನೊಂದು ಸಂಗತಿ. ಸಾಕ್ಷ್ಯದ ಕೊನೆಗೆ ನನ್ನ ಸಹಿ ತೆಗೆದುಕೊಂಡರು. ಗುಮಾಸ್ತ ಕನ್ನಡಕ ಏರಿಸಿ, ದಾವೆಯ ಕಾಗದದೊಂದಿಗೆ ಹೋಲಿಸಿ ನೋಡಿದ.

"ಇದು ಬೇರೆಯವರ ಕೈ ಇದ್ದ ಹಾಗಿದೆಯಲ್ಲ?"

"ವಯಸ್ಸಾಗಿದೆ, ಕೈ ನಡುಗುತ್ತೆ" ಎಂದು ವಕೀಲೆ ನಡುವೆ ಬಾಯಿ ಹಾಕಿದರು.

ಕೈ ನಡುಗಲಿಲ್ಲ. ಇಷ್ಟು ಹಗುರವಾಗಿ ನಾನು ಎಂದೂ ಬರೆದಿಲ್ಲ.

ನವೆಂಬರ್ ೨೫

ತೀರ್ಪು ಬಂತು. ವಾಕ್ಯ ಹೀಗಿದೆ: "ಘಟನೆಯ ಸಮಯದಲ್ಲಿ ಎಚ್ಚರಿಕೆಯ ಹಗ್ಗವಿರಲಿಲ್ಲ. ಮೃತಳು ಯಾವ ಹಗ್ಗವನ್ನೂ ದಾಟಿಲ್ಲ. ಪ್ರತಿವಾದಿಯ ಕರೆಯ ಮೇರೆಗೆ ಆಕೆ ಅಲ್ಲಿಗೆ ಹೋದಳು. ಆಕೆಯ ಸಾವಿಗೆ ಪ್ರತಿವಾದಿಯೇ ಹೊಣೆ."

ಎರಡು ಬಾರಿ ಓದಿಸಿಕೊಂಡೆ. ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಇಳಿಯಿತು. ನ್ಯಾಯಾಧೀಶರು ಒಳ್ಳೆಯವರು, ಹೆಚ್ಚು ಹೊತ್ತು ಕೂತು ಕೂತು ಬೆನ್ನು ಗೂನಾಗಿದೆ, ನಿಲುವಂಗಿಯ ಹಿಂಭಾಗ ಎತ್ತಿ ಹಿಡಿಯುತ್ತದೆ. ಕೊನೆಯಲ್ಲಿ ಅವರು, ಹೋದವರನ್ನು ಮರಳಿ ತಂದುಕೊಡುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇಲ್ಲವೆಂದು ಬರೆದಿದ್ದಾರೆ. ಅದನ್ನು ಕೇಳಿ ನಗು ಬಂತು. ವಕೀಲೆ ಮೊಣಕೈಯಿಂದ ತಿವಿದರು.

ಪರಿಹಾರವನ್ನು ಏನು ಮಾಡುತ್ತೀರೆಂದು ಆಕೆ ಕೇಳಿದರು. ಅಣ್ಣನನ್ನು ಕೇಳಬೇಕು ಎಂದೆ. ಆಕೆ "ಯಾವ ಅಣ್ಣ?" ಎಂದರು. ದಣಿವಿನಿಂದ ಬಾಯಿ ತಪ್ಪಿರಬೇಕು.

ಡಿಸೆಂಬರ್ ೨

ಅಂಗಡಿ ಪೂರ್ತಿ ತೆರೆದಿದೆ. ಬೆಳಿಗ್ಗೆಯಿಂದ ಜನ. ಮೂರು ಕೋಟು, ಒಂದು ರವಿಕೆ, ಶಾಲೆಯ ಹುಡುಗಿಯ ಲಂಗ ಕತ್ತರಿಸಿಟ್ಟೆ. ಹುಡುಗಿ ಬೆಳೆಯುತ್ತಾಳೆ, ಅಂಚಿನಲ್ಲಿ ಎರಡು ಬೆರಳು ಹೆಚ್ಚಿಗೆ ಬಿಟ್ಟಿದ್ದೇನೆ. ಕತ್ತರಿಯ ತಿರುಪು ಬಿಗಿ ಮಾಡಿಸಿದ ಮೇಲೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತಿದೆ.

ಗುತ್ತಿಗೆದಾರ ಬೂದು ಕೋಟನ್ನು ಕಳಿಸಿದ್ದಾನೆ. ತೀರ್ಪಿನ ಮರುದಿನ ಕೈ ಇಳಿಯಿತಂತೆ, ತೋಳು ಕಿರಿದು ಮಾಡಿಕೊಡಬೇಕಂತೆ. ಮಾಡಲ್ಲ ಎಂದು ಹೇಳಿ ಕಳಿಸಿದೆ. ಹೊಲಿದು ಕಳಿಸ್ತೀನಿ ಎಂದಿದ್ದೆ, ಕಳಿಸಿದೆ. ಲೆಕ್ಕ ಮುಗಿಯಿತು.

ಮಧ್ಯಾಹ್ನ ಇಸ್ತ್ರಿಯಾಕೆ ಚಹಾ ತಂದಳು. ಒಳಗೆ ಬರಲಿಲ್ಲ. ಹೊಸಿಲಲ್ಲೇ ನಿಂತು, ಹಾಡು ಮುಗಿಯುವವರೆಗೂ ಕೇಳಿದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ,

"ಅಣ್ಣ ಎಲ್ಲಿ?" ಎಂದಳು.

"ಇಲ್ಲೇ ಎಲ್ಲೋ ಹೋಗಿದ್ದಾನೆ, ಬರ್ತಾನೆ ಬಿಡು" ಎಂದೆ.

ಲೋಟವನ್ನು ನೆಲದ ಮೇಲಿಟ್ಟು ಹೋದಳು. ಚಪ್ಪಲಿಯನ್ನು ಹೊಸಿಲ ಬಳಿಯೇ ಮರೆತಿದ್ದಾಳೆ, ಪಾಪ.

ಕತ್ತರಿಸಿದ್ದೆಲ್ಲ ಹೊಲಿಯದೆ ಮೇಜಿನ ಮೇಲೆ ಹಾಗೇ ಇದೆ. ನೆಲದ ತುಂಬ ಚೂರುಗಳು. ಗುಡಿಸುವುದು ನನ್ನ ಕೆಲಸವಲ್ಲ. ಅಣ್ಣ ಬಂದು ಗುಡಿಸಲಿ.